ಇಲ್ಲದ ಸ್ವರ

ತಾಂಪೆರೆಯಲ್ಲಿ ಜನವರಿ. ಮಧ್ಯಾಹ್ನ ಮೂರೂವರೆಗೇ ಮಬ್ಬು.
ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ
ನನ್ನ ಸರದಿ ಮೂರರಿಂದ ಐದು.
ಗೋಡೆಯ ಪಟ್ಟಿಯಲ್ಲಿ ಪೆನ್ಸಿಲಿನ ನನ್ನ ಹೆಸರು.
ಯಂತ್ರದ ಗಾಜಿನ ಕಣ್ಣಿನೊಳಗೆ
ಎರಡು ಹಾಸುಬಟ್ಟೆ, ಒಂದು ನೀಲಿ ಟವೆಲು
ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುತ್ತವೆ.

ಆಗ ಕೊಳವೆಗಳ ಗುಂಟ ಇಳಿದು ಬಂತು
ಮೂರನೆಯ ಮಹಡಿಯಿಂದ ಯಾರದೋ ಅಕಾರ್ಡಿಯನ್.
ಹೊಸಬರು. ಅಂಚೆಪೆಟ್ಟಿಗೆಯ ಮೇಲೆ ಇನ್ನೂ
ಹಳಬರ ಹೆಸರೇ ಇದೆ.
ತಡವರಿಸುವ ಬೆರಳು. ಎರಡು ಸಾಲು ನುಡಿಸಿ, ನಿಂತು,
ಮತ್ತೆ ಮೊದಲಿನಿಂದ.

ಆ ವಾಲ್ಟ್ಸ್ ನನಗೆ ಗೊತ್ತು.
ಗೊತ್ತು ಎಂದರೆ,
ಮೊಣಕಾಲಿಗೆ ಹಳೆಯ ಗಾಯದ ಕಲೆ ಗೊತ್ತಿರುವಂತೆ.

ಸೋಪಿನ ವಾಸನೆ ಹೋಗಿ ಸೌದೆಯ ಹೊಗೆ.
ಕೇಯ್ತೆಲೆ ಸರೋವರ. ಸೌನಾದಿಂದ ಹೊರಬಿದ್ದ ಕೆಂಪು ಮೈಗಳು
ದಡದಡ ಓಡಿ, ಕಟ್ಟಿಗೆ ಸೇತುವೆಯ ತುದಿಯಿಂದ
ಧುಡುಮ್ಮನೆ ನೀರಿಗೆ.
ಹಿಲ್ಯಾ ಅತ್ತೆಯ ಬೆನ್ನಿಗೆ ಬರ್ಚ್ ಎಲೆಯೊಂದು ಅಂಟಿಯೇ ಇದೆ,
ಯಾರೂ ಹೇಳುವುದಿಲ್ಲ.
ಹೊಸ ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು, ಹೊಗೆಯಲ್ಲಿ ಬೆಂದ ಮೀನು,
ಎಲ್ಲದರ ಮೇಲೂ ಒಂದಷ್ಟು ಸೊಳ್ಳೆ.
ಹತ್ತೂವರೆಯಾದರೂ ಮುಳುಗಲೊಲ್ಲದ ಸೂರ್ಯ,
ಊಟ ಮುಗಿದ ಮೇಲೂ ಏಳದ ನೆಂಟನ ಹಾಗೆ
ಎದುರು ದಡದ ಪೈನ್ ಮರಕ್ಕೆ ಒರಗಿಕೊಂಡು.

ತೌನೋ ಮಾಮ ಪೆಟ್ಟಿಗೆ ತೆರೆಯುತ್ತಿದ್ದದ್ದು ಆಗ.
ವಾರವಿಡೀ ಕಾಗದದ ಕಾರ್ಖಾನೆಯಲ್ಲಿ ದುಡಿದ ಕೈ,
ಎಡಗೈಯ ಕಿರುಬೆರಳು ಅರ್ಧವೇ.
ಕಾಲು ನೀರಿಗೆ ಇಳಿಬಿಟ್ಟು ಕೂತು ಇದೇ ವಾಲ್ಟ್ಸ್.
ಮೊದಲ ಸಾಲು ಏರುತ್ತದೆ, ಏರುತ್ತದೆ,
ತುದಿಗೆ ಬಂದಾಗ

ಏನೂ ಇಲ್ಲ.
ಬೆರಳು ಗುಂಡಿ ಒತ್ತುತ್ತದೆ, ತಿದಿಯಿಂದ ಬರಿಯ ಉಸಿರು.
ಆ ಖಾಲಿಯಲ್ಲಿ, ಕಟ್ಟಿಹಾಕಿದ ದೋಣಿಯ ಪಕ್ಕೆಗೆ
ಲೊಚಕ್ಕೆಂದು ನೀರು ಒಂದೇ ಸಲ ಬಡಿಯುತ್ತಿತ್ತು.
ಎಲ್ಲ ಸಲವೂ ಅಲ್ಲ.
ನನ್ನ ನೆನಪಿನಲ್ಲಿ ಎಲ್ಲ ಸಲವೂ.

ಆ ಸ್ವರ ಸತ್ತದ್ದು ನನ್ನಿಂದ.
ಒಂಬತ್ತು ವರ್ಷ ನನಗೆ. ಎಲ್ಲರೂ ಸೌನಾದಲ್ಲಿದ್ದಾಗ
ಅವುಚಿ ಹೊತ್ತುಕೊಂಡು ದೋಣಿಗೆ ಹೋದೆ,
ನೀರ ನಡುವೆ ಹೇಗೆ ಕೇಳೀತು ನೋಡೋಣವೆಂದು.
ದೋಣಿ ವಾಲಿತೋ ನಾನು ವಾಲಿದೆನೋ,
ಮೊಣಕಾಲುದ್ದ ನೀರಿನಲ್ಲಿ ಅದು ಗುಳುಗುಳು ಎನ್ನುತ್ತ
ಮುಂಚೆ ಎಂದೂ ನುಡಿಯದ ಏನನ್ನೋ ನುಡಿದು
ಸುಮ್ಮನಾಯಿತು.
ಜೊಂಡಿನ ಎಸಳು ಕಿತ್ತೆ, ಫ್ರಾಕಿನ ಅಂಚಿನಿಂದ ಒರೆಸಿದೆ,
ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ.
ತುಟಿ ಪಿಟಕ್ಕೆನ್ನಲಿಲ್ಲ ಆ ಬೇಸಿಗೆ. ಮುಂದಿನ ಬೇಸಿಗೆಯೂ.

ಮಾಮ ಕೇಳಲಿಲ್ಲ.
ಉಳಿದ ಸ್ವರಗಳೆಲ್ಲ ಒಣಗಿ ಮರಳಿದವು, ಅದೊಂದು ಬರಲಿಲ್ಲ.
ಪಟ್ಟಣದಲ್ಲಿ ರಿಪೇರಿಯವನಿದ್ದ, ಬಸ್ಸಿನಲ್ಲಿ ಅರ್ಧ ಗಂಟೆ.
ಅತ್ತೆ ಗೊಣಗಿದರೆ, "ಇರಲಿ ಬಿಡು,
ಅಷ್ಟನ್ನು ಕೆರೆ ನುಡಿಸುತ್ತದೆ" ಎಂದ,
ನನ್ನ ಕಡೆ ನೋಡದೆ.
ಎಷ್ಟು ಜೋಪಾನವಾಗಿ ನೋಡಲಿಲ್ಲವೆಂದರೆ
ನನಗೆ ಗೊತ್ತಾಯಿತು, ಅವನಿಗೆ ಗೊತ್ತು.

ಈಗ ಮೇಲಿನ ಹುಡುಗನೋ ಹುಡುಗಿಯೋ
ಏರಿ, ಏರಿ, ತುದಿಗೆ ಬಂದು
ಆ ಸ್ವರವನ್ನು ದುಂಡಗೆ, ಪೂರ್ತಿ ನುಡಿಸಿದಾಗ
ಯಾರೋ ಮಾಮನ ಕುರ್ಚಿಯಲ್ಲಿ ಕೂತಂತಾಯಿತು.
ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ ಹೇಳಿಬಿಡಲೇ:
ಅಲ್ಲಿ ಏನೂ ಇರಬಾರದು ಮಗೂ,
ಅಲ್ಲಿ ಕೈ ಎತ್ತಿಬಿಡು.
ತಲೆಕೆಟ್ಟ ಮುದುಕಿ ಅಂದಾರು. ಅನ್ನಲಿ. ಆದರೂ ಹತ್ತಲಿಲ್ಲ.

ಮತ್ತೆ ಮೊದಲಿನಿಂದ.
ಯಂತ್ರ ಗೊರಗೊರ ನೀರು ಬಿಟ್ಟಿತು,
ಸಾಲಿನ ನಡುವೆಲ್ಲೋ, ಹೊಂದದ ಜಾಗದಲ್ಲಿ.

ಐದು ಹೊಡೆದು ಐದು ನಿಮಿಷ. ರೈಲಿ ಬುಟ್ಟಿ ಹಿಡಿದು
ಬಾಗಿಲಲ್ಲಿ ನಿಂತು ಕೆಮ್ಮುತ್ತಾಳೆ.
ಒದ್ದೆ ಹಾಸುಬಟ್ಟೆಗಳನ್ನು ತೋಳಿಗೆಳೆದುಕೊಂಡೆ, ಭಾರ.
ಹೋಗುವ ಮುಂಚೆ, ದಾರಕ್ಕೆ ಕಟ್ಟಿದ ಪೆನ್ಸಿಲು ಹಿಡಿದು
ಮುಂದಿನ ವಾರದ ಇದೇ ಹೊತ್ತಿಗೂ ಹೆಸರು ಬರೆದೆ.
ಒಗೆಯಲು ಏನಿದೆ ಎಂದು
ಆಮೇಲೆ ನೋಡಿದರಾಯಿತು.