ಮೂರು ನಿಮಿಷ

ಹೆಸರು ವರ್ನಾ ಟಿಲ್ಲಟ್ಸನ್. ಊರು, ಐಡಹೋದ ಪೂರ್ವದಂಚು.
ಎಂಟನೇ ತರಗತಿಗೆ ಗಣಿತ, ಇಪ್ಪತ್ತೆರಡು ವರ್ಷದಿಂದ.
ಬೆಳಗಿನ ಮೂರಕ್ಕೇ ಹೊರಟು ಬಾಯ್ಸಿಗೆ ಬಂದೆ.
ಇಲ್ಲಿ ಮೇಜಿನ ಮೇಲೆ ಮೂರು ದೀಪ: ಹಸಿರು, ಹಳದಿ, ಕೆಂಪು.
ಹಸಿರು ಹತ್ತಿದೆ. ಶುರುಮಾಡುತ್ತೇನೆ.

ಮಸೂದೆಯ ನಾಲ್ಕನೇ ಕಲಮು ಕೇಳುವುದು ಇಷ್ಟೇ, ಮಾನ್ಯರೇ:
ಮಗು ಬೆಂಚಿನ ಮೇಲೆ ಕೂತ ಗಂಟೆ ಎಣಿಸಿ
ಶಾಲೆಗೆ ಹಣ ಕಳಿಸುವುದನ್ನು ಬಿಡಿ.
ಗಂಟೆ ಹೊಡೆಯುತ್ತದೆ, ಗಂಟೆ ತುಂಬುತ್ತದೆ,
ಪಾಠ ತಲೆಗೆ ಹತ್ತಿತೇ ಎಂದು
ಯಾವ ನಮೂನೆಯೂ ಕೇಳುವುದಿಲ್ಲ.

ಕೊಲ್ಡೊ ಅಂತ ಒಬ್ಬ. ಅಜ್ಜ ಬಾಸ್ಕ್ ಸೀಮೆಯಿಂದ ಕುರಿ ಕಾಯಲು ಬಂದವನು.
ಆಲೂ ಕೀಳುವ ರಜೆ ಎರಡು ವಾರ; ಹುಡುಗ ಮತ್ತೊಂದು ವಾರ
ಲಾರಿ ತೂಗುವ ಕಟ್ಟೆಯ ಬಳಿಯೇ ಉಳಿದ.
ನವೆಂಬರ್ ಒಂಬತ್ತಕ್ಕೆ ಅನುಪಾತದ ಪಾಠ ಮುಗಿಯಿತು.
ಮುಗಿಯಿತು ಅಂದರೆ, ನಾನು ಮುಗಿಸಿದೆ.
ಅವನಿಗೆ ‘ಡಿ’ ಹಾಕಿದೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಊಟದ ತಟ್ಟೆ ಸರಿಸಿ,
ಬಾಯೊರೆಸುವ ಕಾಗದದ ಮೇಲೆ ಬಿಡಿಸಿ ತೋರಿಸಿದ:
‘ಐವತ್ತು ಪೌಂಡು ತೊಳೆದರೆ ನಲವತ್ತೇಳು ಉಳೀತು, ಟೀಚರ್.
ನೂರಕ್ಕೆ ಆರು ಮಣ್ಣು. ಅಪ್ಪನಿಗೆ ಎಂಟು ಹಿಡಿದಿದ್ದಾರೆ.’
ಎರಡು ಸಲ ಮಾಡಿ ನೋಡಿದೆ. ಲೆಕ್ಕ ಸರಿ.
ಕಂಪ್ಯೂಟರಿನಲ್ಲಿ ಮೊದಲ ಅವಧಿಗೆ ಬೀಗ ಬಿದ್ದಿತ್ತು.
‘ಡಿ’ ಇವತ್ತಿಗೂ ಅಲ್ಲೇ ಇದೆ.

ಅಧ್ಯಕ್ಷರೇ, ನೀವೂ ಆಲೂ ಬೆಳೆಯುವವರು.
ಅಗೆಯುವ ಮುನ್ನ ಕ್ಯಾಲೆಂಡರನ್ನು ಮಾತ್ರ ನಂಬುತ್ತೀರೇ?
ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ಉಜ್ಜುತ್ತೀರಿ.
ಸಿಪ್ಪೆ ಜಾರಿದರೆ, ಇನ್ನೂ ಹತ್ತು ದಿನ ಅಂತೀರಿ.
ಗೆಡ್ಡೆಯನ್ನು ಯಾರೂ ದಡ್ಡ ಅನ್ನುವುದಿಲ್ಲ.

ಹಳದಿ.

ಆತ ನಗಲಿಲ್ಲ. ಕನ್ನಡಕ ತೆಗೆದಿಟ್ಟ.
‘ಸರಿ ಮೇಡಂ. ಅಷ್ಟರಲ್ಲಿ ಕಡುಹಿಮ ಬಿದ್ದರೆ?
ನೆಲ ಯಾರಿಗೂ ಕಾಯುವುದಿಲ್ಲ.’

ದಾರಿಯುದ್ದಕ್ಕೂ ಉರು ಹೊಡೆದದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ.
ನಿಜವೇ. ಮೂವತ್ತೊಂದು ಮಕ್ಕಳು ಹನ್ನೆರಡು ಪುಟಗಳಲ್ಲಿ,
ಒಬ್ಬಳೇ ನಾನು.
ಆದರೆ ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ, ಸರ್.
ಹಿಮ ಬೇಗ ಬರುವ ವರ್ಷ ನೀವೇನು ಮಾಡುತ್ತೀರಿ?
ಕೂಲಿಗೆ ಇನ್ನಷ್ಟು ಕೈ ಕರೆಯುತ್ತೀರಿ, ರಾತ್ರಿ ಹೊಲಕ್ಕೆ ದೀಪ ಹಾಕುತ್ತೀರಿ.
ಆ ಕೈಗಳ ಸಂಬಳ ಏಳನೇ ಕಲಮಿನಲ್ಲಿದೆ.
ನಾಲ್ಕನ್ನು ಉಳಿಸಿ ಏಳನ್ನು ಹೊಡೆದುಹಾಕುವುದಾದರೆ
ದಯವಿಟ್ಟು ನಾಲ್ಕನ್ನೂ

ಕೆಂಪು.

‘ವಂದನೆಗಳು. ಮುಂದಿನವರು?’

ಹೊರಗೆ ಮೆಟ್ಟಿಲ ಮೇಲೆ ಕೂತು ಉಳಿದರ್ಧ ವಾಕ್ಯ ಬರೆದು
ಕಿಟಕಿಯಲ್ಲಿದ್ದ ಗುಮಾಸ್ತೆಗೆ ಕೊಟ್ಟೆ.
ಗಡಿಯಾರ ನೋಡಿ ಮುದ್ರೆ ಒತ್ತಿದಳು.
‘ತಡವಾಗಿ ಬಂದದ್ದನ್ನೂ ಲೆಕ್ಕಕ್ಕೆ ತಗೋತೀವಿ,’ ಎಂದಳು,
‘ಶುಕ್ರವಾರದವರೆಗೆ.’