ನಾಲ್ಕನೇ ನಿಮಿಷದ ತಪ್ಪು

ಬ್ಲಾಂಚರ್ಡನಿಗೆ ಸೊಂಟ ಹಿಡಿದದ್ದರಿಂದ
ಟಿಕೆಟ್ಟು ನನ್ನ ಪಾಲಿಗೆ ಬಂತು.
ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ
ಒಂದೇ ಬೆಲ್ಟಿನ ಆಚೆ ಈಚೆ ನಿಂತವರು ನಾವು.
ಕರಾರು ಒಂದೇ: "ಎರಡನೇ ಬದಿ, ನಾಲ್ಕನೇ ನಿಮಿಷ.
ಅಲ್ಲೇನಾಯಿತು ಅಂತ ಸೋಮವಾರ ಹೇಳಬೇಕು.
ಉಳಿದದ್ದಕ್ಕೆ ನೀನು ನಿದ್ದೆ ಹೊಡೆದರೂ ಅಡ್ಡಿಯಿಲ್ಲ."

ಹಾಲಿನ ತುಂಬ ಬೋಳುತಲೆ, ಬಿಳಿಜಡೆ,
ಹೊಟ್ಟೆಯ ಮೇಲೆ ಬಿಗಿದ ಎಪ್ಪತ್ನಾಲ್ಕರ ಅಂಗಿಗಳು,
ಎಲ್ಲದರ ಮೇಲೂ ಅದೇ ಚಿತ್ರ, ಉಪ್ಪು ಸುರಿಯುವ ಗಡಿಯಾರ;
ಒಗೆದೊಗೆದು ಮುಳ್ಳುಗಳು ಮಾಸಿ ಹೋಗಿವೆ.
ಮೊಮ್ಮಗಳನ್ನು ಕರೆತಂದಿದ್ದಾನೆ ಒಬ್ಬ,
ಅವಳು ಕಿವಿಗೆ ಹತ್ತಿ ಇಟ್ಟುಕೊಂಡೇ ಬಂದಿದ್ದಾಳೆ.

ರೋಲಂಡ್ ಆಸ್ಗರ್ಬಿ ಬಂದ. ಎಪ್ಪತ್ತಾರು.
ಒದ್ದೆ ನೆಲದ ಮೇಲೆ ಬಕೆಟ್ಟು ಹಿಡಿದವನ ನಡಿಗೆ.
"ನಮ್ಮಪ್ಪ ಇದೇ ಹಡಗುಕಟ್ಟೆಯಲ್ಲಿ ಐಸು ಒಡೆಯುತ್ತಿದ್ದ,
ನಾನು ಒಡೆದದ್ದು ಬರೀ ಬ್ಯಾಂಡು," ಅಂದ.
ಆರುನೂರು ಜನ ನಕ್ಕರು,
ಜೋಕು ಮೊದಲೇ ಗೊತ್ತಿದ್ದವರ ನಗೆ.

ಅವನ ಮುಂದೆ ಬೀರುವಿನಂಥ ವಾದ್ಯ.
ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪು,
ಯಾವ ಕಾಲದಲ್ಲೋ ಯಾರೋ ಊದಿಟ್ಟ ಕೊಳಲು.
ಒತ್ತಿದರೆ ಎಂಟು ಸೆಕೆಂಡು ಹಾಡುತ್ತದೆ, ಅಷ್ಟೇ;
ಬೆರಳೆತ್ತಬೇಕು, ಸ್ಪ್ರಿಂಗು ಟೇಪನ್ನು ಹಿಂದಕ್ಕೆಳೆಯಬೇಕು,
ಆಮೇಲೆ ಮತ್ತೆ.
ಇದನ್ನೆಲ್ಲ ಪಕ್ಕದವ ವಿವರಿಸಿದ, ನಾನು ಕೇಳದೆಯೇ.

ಶುರುವಾಯಿತು. ನನಗೆ ತಿಳಿದ ಸಂಗೀತವಲ್ಲ.
ಆದರೂ ಕೈ ತಾನಾಗಿ ತೊಡೆಯ ಮೇಲೆ
ತಕಿಟ ತಕಧಿಮಿ, ತಕಿಟ ತಕಧಿಮಿ,
ಅರೆ, ಇದು ನಮ್ಮ ಮಿಶ್ರ ಛಾಪು!
ಚಿಂತಾಮಣಿಯ ಮೃದಂಗದ ಮೇಷ್ಟ್ರು
ಏಳನ್ನು ಎಂಟು ಮಾಡಿದರೆ ಕೊಡುತ್ತಿದ್ದ ಏಟು
ಐವತ್ತರ ವಯಸ್ಸಿನಲ್ಲಿ ಮತ್ತೆ ಚುರ್ರೆಂದಿತು.
ಪಕ್ಕದವ ನನ್ನ ಕೈ ನೋಡಿದ,
ಬಿಯರಿನ ಲೋಟ ಕೆಳಗಿಟ್ಟು ತಾನೂ ತೊಡೆ ತಟ್ಟಿದ.

ಆ ತಪ್ಪಿನ ಕತೆ ಇಂಟರ್ವಲ್ಲಿನಲ್ಲಿ ಮೂರು ಬಗೆ ಸಿಕ್ಕಿತು.
ಕರೆಂಟು ಹೋಗುವುದರೊಳಗೆ ಮುಗಿಸುವ ಧಾವಂತ, ಎಂದ ಒಬ್ಬ.
ಅಲ್ಲ, ಡ್ರಮ್ಮಿನ ಡೆನ್ಜಿಲ್ ಕೆಮ್ಮಿದ, ಕಿವಿಗೊಟ್ಟರೆ ಕೇಳುತ್ತೆ.
"ತಪ್ಪೇ ಅಲ್ಲ," ಎಂದಳು ವಿನಿಫ್ರೆಡ್ ಎಂಬಾಕೆ,
"ನನ್ನ ಗಂಡನ ಪೆಟ್ಟಿಗೆ ಇಳಿಸುವಾಗ ಅದನ್ನೇ ಹಾಕಿಸಿದೆ."
ಏನೇ ಇರಲಿ, ಕಿರುಬೆರಳು ಒಂದು ಮನೆ ಜಾರಿ
ಶುದ್ಧ ಮಧ್ಯಮ ಇರಬೇಕಾದಲ್ಲಿ ಪ್ರತಿಮಧ್ಯಮ ಬಿತ್ತು.
ಇನ್ನೊಂದು ಸಲಕ್ಕೆ ದುಡ್ಡಿರಲಿಲ್ಲ.
ಹಾಗೇ ಮಾರಾಟವಾಯಿತು, ಐವತ್ತು ವರ್ಷ.

ಎರಡನೇ ಬದಿ. ದೀಪ ನೀಲಿ.
ಉಸಿರು ಬಿಗಿಹಿಡಿದ ಸದ್ದು ಅಂತ ಒಂದಿದೆ, ಅಂದು ಗೊತ್ತಾಯಿತು.
ಗಂಟುಕಟ್ಟಿದ ಬೆರಳು ಎತ್ತಿದ, ತಡೆದ,
ಸರಿಯಾದ ಮನೆ ಒತ್ತಿದ.

ಸರಿಯಾಗಿತ್ತು.
ಅಜ್ಜಿಯ ಮುಖದ ಮಚ್ಚೆ ತೆಗೆಸಿದ ಹಾಗಿತ್ತು.
"ಛೆ!" ಎಂದಿತು ಬಾಲ್ಕನಿ.
ಒಬ್ಬ ಎದ್ದು ಹೊರಟೇಹೋದ,
ಕುರ್ಚಿ ಟಪ್ಪೆಂದು ಮಡಚಿಕೊಂಡಿತು.

ಆಸ್ಗರ್ಬಿ ನಿಲ್ಲಿಸಿ ಮೈಕಿಗೆ ಬಾಗಿದ.
"ನನ್ನ ನಿದ್ದೆ ಕೆಡಿಸಿದ್ದು ಇದು. ಒಂದು ರಾತ್ರಿ
ಸರಿಯಾಗಿ ನುಡಿಸಲು ಬಿಡಿ."
ಎರಡು ಆವರ್ತ ಹಿಂದಿನಿಂದ ಎತ್ತಿಕೊಂಡ.
ಬಂತು ಆ ಜಾಗ. ಸರಿಯಾದದ್ದನ್ನೇ ಒತ್ತಿದ.
ಆಗ ಹಿಂದಿನ ಸಾಲಿನಲ್ಲೆಲ್ಲೋ ಒಂದು ಗಂಟಲು,
ಆಮೇಲೆ ಹತ್ತು,
ಆಮೇಲೆ ಹಾಲಿಗೆ ಹಾಲೇ ಆ ತಪ್ಪನ್ನು ಹಾಡಿತು.
ಎರಡು ಮಧ್ಯಮ ಒಂದಕ್ಕೊಂದು ಉಜ್ಜಿ
ಕಿಟಕಿಯ ಗಾಜು ಗುಂಯ್‌ಗುಟ್ಟಿತು.

ಎಂಟು ಸೆಕೆಂಡು. ಟೇಪು ಮುಗಿದು ಅವನ ಸ್ವರ ನಿಂತಿತು.
ಅವರದು ನಿಲ್ಲಲಿಲ್ಲ.
ಅವನು ಕೈ ಮಡಿಲಲ್ಲಿಟ್ಟು ಕೂತ;
ಮುಖ ಕಾಣಲಿಲ್ಲ, ಬೀರುವಿನ ನೆರಳು.
ಹತ್ತಿ ತೆಗೆದ ಹುಡುಗಿ
ತಾತನ ಬಾಯನ್ನೇ ನೋಡುತ್ತಿದ್ದಳು.

ಸೋಮವಾರ, ಬೆಳಿಗ್ಗೆ ಆರು. ಬೆಲ್ಟಿನ ಮೇಲೆ ಹ್ಯಾಡಕ್ ಮೀನು.
ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬ್ಲಾಂಚರ್ಡ್ ಕೇಳಿದ:
"ಯಾವುದು ನುಡಿಸಿದ?"
ಸರಿಯಾದದ್ದು, ಅಂದೆ. ಅವನ ಮುಖ ಬಿತ್ತು.
ಆದರೆ ನಾವು ಹಾಡಿದೆವು, ಅಂದೆ, ಹೀಗೆ,
ಎಂದು ಕೈಗವಸು ತೊಡುತ್ತಲೇ ಗುನುಗಿ ತೋರಿಸಿದೆ.
ಕಣ್ಣು ಮುಚ್ಚಿ ಕೇಳಿದ. ತಲೆಯಾಡಿಸಿದ.
"ಅಲ್ಲಲ್ಲ," ಎಂದು ತಿದ್ದಿದ,
"ಇನ್ನೂ ಒಂದು ಕೂದಲು ಮೇಲೆ."