ಮಾಬೂಬಿ, ನಾಳೆ ಬಾಗಲಕೋಟಿಗೆ ಹೋಗಾಕಿ

ಡಾಕ್ಟರು ಹಾಳ್ಯಾಗ ಚಿತ್ರಾ ಬರದು ತೋರಿಸತಾರ,
ಪಾತರಗಿತ್ತಿ ಹಂಗ ಐತಿ ನೋಡವಾ ಅಂತಾರ.
ನನಗದು ಲಾಳಿ ಕಂಡಂಗ ಕಂಡಿತ್ತು.
ಗುಳೇದಗುಡ್ಡದ ಮಗ್ಗದಾಕಿಗೆ ಮತ್ತೇನ ಕಾಣಬೇಕು?
ಗಂಟಲದಾಗೊಂದು ಲಾಳಿ,
ಹೋಗೂದೂ ಇಲ್ಲ, ಬರೂದೂ ಇಲ್ಲ.

ಕಂಡಿಕಿ ಸುತ್ತೋದು ಒಂದೀಟು ನಿಲ್ಲಸು.
ನನಗ ಯಾರೂ ಹೇಳಲಾರದ್ದು ಹೇಳತೀನಿ.

ಮುಂಜಾನೆ ತಿನ್ನಾಕ ಕೊಡಂಗಿಲ್ಲ, ನೀರೂ ಇಲ್ಲ.
ಕೊಳ್ಳಾಗಿನ ಕರೀಮಣಿ ಬಿಚ್ಚು ಅಂತಾರ.
ನನ್ನದು ಬಿಚ್ಚೂಮುಂದ ಕೈ ನಡಗಿತು;
ನರ್ಸಬಾಯಿ ಹಾಳ್ಯಾಗ ಸುತ್ತಿ ಇವರ ಕೈಯಾಗಿಟ್ಟಳು.
ಮೂರು ತಾಸು ಮುಟಗಿ ಬಿಚ್ಚಲಿಲ್ಲಂತ ಈ ಮನಶ್ಯಾ,
ಚಾ ಕುಡಿಯಾಕ ಸೈತ ಹೋಗಲಿಲ್ಲಂತ.
ಇಪ್ಪತ್ತೆರಡು ವರ್ಷದಾಗ ನನಗ ಗೊತ್ತಿರಲಾರದ ಗಂಡ.

ಹೆಗಲ ಕೆಳಗ ದಿಂಬಿಟ್ಟು ಕುತ್ತಿಗಿ ಹಿಂದಕ ಬಾಗಸತಾರ.
ಆಗ ಗೊತ್ತಾಗಂಗಿಲ್ಲ, ನಿದ್ದಿಯಾಗಿರತಿ.
ಎದ್ದ ಮ್ಯಾಲೆ ಕುತ್ತಿಗಿ ಹಿಂಬದಿ,
ದೀಪಾವಳಿ ಮುಂದ ಕುಣಿಮಗ್ಗದಾಗ
ಹಗಲೂ ರಾತ್ರಿ ಕುಂತು ಖಣ ನೇಯ್ದಂಗ ನೋಯತೈತಿ.
ನಾ ಕೊಯ್ದ ಕಡೆ ಅಂಜಿಕೊಂಡು ಕುಂತಿದ್ದೆ,
ನೋವು ಹಿತ್ತಲ ಬಾಗಲಾ ಬಡದಿತ್ತು.
ಉಗುಳು ನುಂಗಿದರ ಖಾರ ಒರದಂಗ.
ಅದು ಕೊಳವಿ ಇಳಿಸಿದ್ದಕ್ಕ, ಎರಡು ಮೂರು ದಿನ.
ಕೊಳ್ಳಾಗೊಂದು ನಳಿಗಿ, ಅದರ ತುದಿಗೊಂದು ಡಬ್ಬಿ,
ಕೆಂಪು ನೀರು ಹನಿ ಹನಿ.
ನೋಡಬ್ಯಾಡ.
ನೋಡತಿ, ನನಗ ಗೊತ್ತೈತಿ.

ರಾತ್ರಿ ಕೊಳ್ಳು ಊದಿ ಉಸುರು ಬಿಗದಂಗಾದರ
ಬೆಳಗಾಗಲಿ ಅನ್ನಬ್ಯಾಡ.
ಒದರಾಕ ದನಿ ಇರಂಗಿಲ್ಲ,
ಗಂಟಿ ಕೈಯಾಗ ಹಿಡಕೊಂಡು ಮಲಗು.
ನರ್ಸಬಾಯಿ ಸಿಡಿಮಿಡಿ ಅಂದರ ಅನ್ನಲಿ.

ನನ್ನ ತಪ್ಪು ಒಂದೈತಿ, ಕೇಳು.
ಎರಡನೇ ದಿನ ಬಟ್ಟಿನ ತುದಿ ಜುಮುಜುಮು ಅಂದವು.
ನೂಲು ಹಿಡದ ಬಟ್ಟು, ಆಗತಾವ, ಅಂತ ಸುಮ್ನಿದ್ದೆ.
ಆಮ್ಯಾಲೆ ತುಟಿ.
ಆಮ್ಯಾಲೆ ಕೈ ತಾನ ಮುದುಡಿ
ಕಂಡಿಕಿ ಹಿಡದಂಗ ನಿಂತಬಿಟ್ಟಿತು, ಕಂಡಿಕಿ ಇಲ್ಲದ.
ಕ್ಯಾಲ್ಸಿಯಂ ಇಳದೈತಿ, ಆಗ ಯಾಕ ಹೇಳಲಿಲ್ಲ,
ಅಂತ ಬೈಕೋತ ಡಾಕ್ಟರು ಸೂಜಿಯಾಗ ಕೊಟ್ಟರು.
ಮೈ ಬೆಚ್ಚಗಾತು, ಬಟ್ಟು ಒಂದೊಂದ ಬಿಚ್ಚಿದವು.
ನೀ ಮೊದಲನೇ ಜುಮ್ಮಿಗೇ ಹೇಳು.
ನಾವು ತಡಕೊಳ್ಳೂದು ಕಲತದ್ದು ಭಾಳ ಆತು.

ಇನ್ನ ಗುಳಿಗಿ. ದಿನಾ. ಸಾಯೂತನಕ.
ಖಾಲಿ ಹೊಟ್ಟಿಲೆ, ಬರೇ ನೀರಾಗ,
ಮುಂದ ಅರ್ಧಾ ತಾಸು ಚಾ ಇಲ್ಲ.
ಕೊಯ್ಸಿಕೊಳ್ಳೂದಕ್ಕಿಂತ ಇದು ಕಠಿಣ, ಖರೇ ಹೇಳತೀನಿ:
ಒಲಿ ಮ್ಯಾಲೆ ಶುಂಠಿ ಕುದಿಯೂ ವಾಸನಿ,
ಗೋಡಿ ಮ್ಯಾಲೆ ಗಡಿಯಾರ,
ನಡುವ ನಾನು.
ಕ್ಯಾಲ್ಸಿಯಂ ಗುಳಿಗಿ ಅದಕ್ಕ ವಾರಗಿತ್ತಿ,
ಇಬ್ಬರನೂ ಜೋಡಿಲೆ ಕುಂದರಸಬ್ಯಾಡ, ನಾಕು ತಾಸು ಬಿಡು.

ಗಂಟು ಎಲ್ಲಿ ಹೋಗತೈತಿ ಅಂತ ಕೇಳಿದೆಲ್ಲ,
ಸೀಸೆದಾಗ ಹಾಕಿ ಪರೀಕ್ಷಾಕ್ಕ ಕಳಸತಾರ.
ಎಂಟು ದಿನ, ಹತ್ತು ದಿನ.
ನನ್ನ ಚೀಟಿ ಛಲೋ ಬಂತು.
ನಿಂದೂ ಹಂಗ ಬರತೈತಿ ಅಂತ ಆಣಿ ಮಾಡಲಾರೆ, ಮಾಬೂಬಿ.
ಚೀಟಿ ಒಡಿಯೂ ದಿನ ಬಾಜೂಕ ಕುಂದರತೀನಿ,
ಅಷ್ಟ ನನ್ನ ಕೈಯಾಗಿಂದು.

ಕಲೆ? ಮೊದಲ ಕೆಂಪಂಚು, ಆಮ್ಯಾಲೆ ಗುಲಾಬಿ,
ಈಗ ನೋಡು, ಕೊಳ್ಳಿನ ಮಡಿಕ್ಯಾಗ ಮಡಿಕಿ.
ಹುಡುಕಿದವರಿಗೆ ಅಷ್ಟ ಸಿಗತೈತಿ.

ದನಿ ಮಾತ್ರ.
ಒಂದು ತಿಂಗಳು ಒಡಕು ಗಡಿಗಿ.
ಮಗ್ಗದ ಸಪ್ಪಳದ ಮ್ಯಾಲೆ ಇವರನ್ನ ಕರಿಯಾಕ ಆಗವಲ್ದ
ಚಪ್ಪಾಳಿ ತಟ್ಟಿ ಕರದೆ, ಕೋಳಿ ಹೊಡಿಯೋರ ಹಂಗ.
ಮಾತು ತಿರುಗಿ ಬಂತು.
ಸೋಬಾನದ ಮ್ಯಾಲಿನೆಳಿ ಇನ್ನೂ ಬಂದಿಲ್ಲ,
ಅಲ್ಲಿಗೆ ಬಂದಕೂಡಲೆ ನಾ ಬಾಯಿ ಆಡಸತೀನಿ,
ಮಂದಿ ಹಾಡತಾರ.

ನೀ ಸಂಜಿಕೆ ಮಾಳಗಿ ಮ್ಯಾಲೆ ನಿಂತು
ಆಡು ಕರಿಯೂ ಕೂಗು ಓಣಿಗೆಲ್ಲ ಗೊತ್ತು.
ಅದು ಹೆಂಗ ಬರತೈತೋ, ಎಷ್ಟು ಬರತೈತೋ.

ಮುಂದ ಗುಂಡಿ ಇರೂ ಝಂಪರ ಇಟ್ಟಕೋ,
ತಲಿ ಮ್ಯಾಲಿಂದ ತಗಿಯೂದು ಬ್ಯಾಡ.
ಆಡಿಗೆ ನಾ ನೀರಿಡತೀನಿ.
ಬಸ್ಸಿಳದು ಬಂದಾಗ ಹೊಸ್ತಲದಾಗ ನಿಂತು ನನ್ನ ಹೆಸರ ಹಿಡದು ಕರಿ,
ಎಂಥಾ ದನಿ ಇರಲಿ.
ಮಗ್ಗ ನಿಲ್ಲಿಸಿರತೀನಿ.